ನಾಯಿಯ ಮೈಮೇಲಿನ ಉಣ್ಣಿ: ಚಿಮುಟವೋ, ಕೊಕ್ಕೆಯೋ, ಮಾತ್ರೆಯೋ?

ಉಣ್ಣಿ ತೆಗೆಯುವ ವಿಷಯದಲ್ಲಿ ರಾಯಚೂರಿನ ಓಣಿಗಳಲ್ಲಿ ಸಲಹೆಗೆ ಬರವಿಲ್ಲ. ಒಬ್ಬರು ಸೀಮೆಎಣ್ಣೆ ಹಚ್ಚಿ ಎನ್ನುತ್ತಾರೆ. ಇನ್ನೊಬ್ಬರು ಊದಿನಕಡ್ಡಿಯ ಕೆಂಡ ಮುಟ್ಟಿಸಿ ಎನ್ನುತ್ತಾರೆ. ಹೊಲವಿರುವವರು ಹತ್ತಿಗೆ ಹೊಡೆದು ಉಳಿದ ಔಷಧಿಯ ಡಬ್ಬಿಯನ್ನೇ ತಂದು ಮುಂದಿಡುತ್ತಾರೆ. ಇವುಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ವ್ಯರ್ಥ, ಯಾವುದು ನಾಯಿಯ ಜೀವಕ್ಕೇ ಎರವಾಗುತ್ತದೆ ಎಂದು ಒಂದೊಂದಾಗಿ ನೋಡೋಣ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಮೈಮೇಲೆ ನಾಲ್ಕಾರು ಉಣ್ಣಿಗಳಷ್ಟೇ ಇದ್ದರೆ ಚೂಪು ತುದಿಯ ಚಿಮುಟ ಸಾಕು. ಎರಡು ಕಿವಿ ನೋಡುವಷ್ಟರಲ್ಲೇ ಹತ್ತು ಹದಿನೈದು ಸಿಕ್ಕವು ಎಂದರೆ ಚಿಮುಟದಿಂದ ಗೆಲ್ಲುವ ಆಟ ಅದಲ್ಲ, ಪಶುವೈದ್ಯರನ್ನು ಕೇಳಿ ಮಾತ್ರೆಯನ್ನೋ ಹನಿ ಔಷಧಿಯನ್ನೋ ತರಬೇಕು. ಇವೆರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಮನೆಯ ಗೋಡೆ ಮತ್ತು ನೆಲವನ್ನು ಹಾಗೆಯೇ ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತೀರಿ.

ಇದು ಮನೆಯೊಳಗಿನ ಉಣ್ಣಿ

ನಮ್ಮ ಕಡೆಯ ನಾಯಿಗಳ ಮೈಮೇಲೆ ಹೆಚ್ಚಾಗಿ ಕಾಣುವುದು ಕಂದು ನಾಯಿ ಉಣ್ಣಿ. ವಿಜ್ಞಾನಿಗಳು ಇದನ್ನು ರೈಪಿಸೆಫಾಲಸ್ ಸ್ಯಾಂಗ್ವಿನಿಯಸ್ ಎಂಬ ಗುಂಪಿಗೆ ಸೇರಿಸುತ್ತಾರೆ. ಮಲೆನಾಡಿನ ಮಂಗನ ಕಾಯಿಲೆಯ ಸುದ್ದಿ ಓದಿ ಹೆದರಿದವರು ಇಲ್ಲೂ ಅದೇ ಇರಬಹುದೇ ಎಂದು ಕೇಳುವುದುಂಟು. ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆಯನ್ನು ಹರಡುವುದು ಮುಖ್ಯವಾಗಿ ಹೀಮಾಫಿಸಾಲಿಸ್ ಎಂಬ ಬೇರೆ ಜಾತಿಯ ಕಾಡಿನ ಉಣ್ಣಿ. ನಮ್ಮ ಬಯಲುಸೀಮೆಯ ನಾಯಿ ಉಣ್ಣಿಗೆ ಕಾಡೂ ಬೇಡ, ಹುಲ್ಲೂ ಬೇಡ. ಒಂದು ನಾಯಿ, ಒಂದಿಷ್ಟು ಬಿರುಕು ಬಿಟ್ಟ ಗೋಡೆ ಇದ್ದರೆ ಅದರ ಸಂಸಾರ ನಡೆಯುತ್ತದೆ.

ಇದು ಬದುಕಿನಲ್ಲಿ ಮೂರು ಸಲ ನಾಯಿಯನ್ನು ಹತ್ತಿ ಇಳಿಯುತ್ತದೆ. ಆರು ಕಾಲಿನ ಮರಿಯಾಗಿದ್ದಾಗ ಒಮ್ಮೆ, ಎಂಟು ಕಾಲು ಮೂಡಿದ ಎಳೆಯ ಉಣ್ಣಿಯಾಗಿ ಒಮ್ಮೆ, ಬೆಳೆದ ಮೇಲೆ ಇನ್ನೊಮ್ಮೆ. ಮೊದಲ ಎರಡು ಸಲ ಕೆಲವು ದಿನ ರಕ್ತ ಕುಡಿದು, ಕೆಳಗಿಳಿದು, ಸಂದಿಯಲ್ಲಿ ಅಡಗಿ ಪೊರೆ ಕಳಚುತ್ತದೆ. ರಕ್ತ ಕುಡಿದು ಊದಿಕೊಂಡ ಹೆಣ್ಣು ಉಣ್ಣಿ ಗೋಡೆ ಹತ್ತಿ, ಯಾವುದೋ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಒಂದೇ ಉಣ್ಣಿ ನಾಲ್ಕು ಸಾವಿರದವರೆಗೂ ಇಡಬಲ್ಲದು. ಬೆಳೆದ ಉಣ್ಣಿ ರಕ್ತವೇ ಸಿಗದೆ ತಿಂಗಳುಗಟ್ಟಲೆ ಕಾಯುತ್ತ ಕೂರಬಲ್ಲದು. ಅಂದರೆ ಅದರ ಆಯುಷ್ಯದ ಹೆಚ್ಚಿನ ಪಾಲು ಕಳೆಯುವುದು ನಿಮ್ಮ ಮನೆಯಲ್ಲಿ, ನಾಯಿಯ ಮೈಮೇಲೆ ಅಲ್ಲ. ಕೆಳಗಿನ ಹೋಲಿಕೆಯನ್ನೆಲ್ಲ ಇದನ್ನು ನೆನಪಿನಲ್ಲಿಟ್ಟುಕೊಂಡೇ ಓದಿ.

ಕೈಯಿಂದ ಕೀಳುವುದು: ಯಾವ ಸಾಧನ?

ಉಣ್ಣಿಯ ಬಾಯಿಯಲ್ಲಿ ಹಿಮ್ಮುಖವಾದ ಮುಳ್ಳುಗಳಿರುವ ಒಂದು ಚಿಕ್ಕ ಕೊಂಡಿ ಇರುತ್ತದೆ. ಅದನ್ನು ಚರ್ಮದೊಳಗೆ ಇಳಿಸಿ, ಸುತ್ತ ಅಂಟಿನಂಥ ದ್ರವ ಸುರಿಸಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಥಟ್ಟನೆ ಎಳೆದರೆ ದೇಹ ಕೈಗೆ ಬಂದು ಬಾಯಿ ಒಳಗೇ ಉಳಿಯುವುದು ಇದರಿಂದಲೇ. ನಮ್ಮ ಪುಣ್ಯಕ್ಕೆ ಕಂದು ನಾಯಿ ಉಣ್ಣಿಯ ಬಾಯಿ ಗಿಡ್ಡ. ಸಮಾಧಾನದಿಂದ ಎಳೆದರೆ ಬಹುಮಟ್ಟಿಗೆ ಪೂರ್ತಿಯಾಗಿಯೇ ಬರುತ್ತದೆ.

ಬರಿಗೈ ಬೇಡ. ಬೆರಳಿನ ತುದಿ ದಪ್ಪ, ಉಣ್ಣಿಯ ತಲೆ ಸಣ್ಣ. ಹಿಡಿತ ಸಿಗುವುದು ಹೊಟ್ಟೆಗೆ, ಹೊಟ್ಟೆ ಹಿಸುಕಿದರೆ ಅದರೊಳಗಿನದು ನಾಯಿಯ ಗಾಯಕ್ಕೂ ನಿಮ್ಮ ಉಗುರಿನ ಸಂದಿಗೂ ಹೋಗುತ್ತದೆ. ನಮ್ಮಲ್ಲಿ ಹಿರಿಯರು ಉಣ್ಣಿಯನ್ನು ಎರಡು ಉಗುರುಗಳ ನಡುವೆ ಒತ್ತಿ ಚಟಕ್ಕನೆ ಒಡೆಯುತ್ತಿದ್ದರು, ಕೆಲವರು ಈಗಲೂ ಒಡೆಯುತ್ತಾರೆ. ಈ ಉಣ್ಣಿ ಮನುಷ್ಯರಿಗೂ ಜ್ವರ ತರುವ ರಿಕೆಟ್ಸಿಯಾ ಎಂಬ ರೋಗಾಣುವನ್ನು ಹೊತ್ತಿರಬಹುದು. ಬೆರಳಿನಲ್ಲಿ ಒಂದು ಸಣ್ಣ ಗೀರಿದ್ದರೂ ಅದು ಒಳಹೊಗಲು ಸಾಕು. ಎರಡು ರೂಪಾಯಿಯ ಪ್ಲಾಸ್ಟಿಕ್ ಕವರನ್ನು ಕೈಗೆ ಸುತ್ತಿಕೊಂಡರೂ ಸರಿ, ಬರಿಗೈಯಿಂದ ಮುಟ್ಟಬೇಡಿ.

ಚಿಮುಟ ಎಲ್ಲಕ್ಕಿಂತ ಸುಲಭವಾಗಿ ಸಿಗುವ ಸಾಧನ, ಆದರೆ ಎಲ್ಲ ಚಿಮುಟವೂ ಒಂದೇ ಅಲ್ಲ. ಬಳೆ ಅಂಗಡಿಯಲ್ಲಿ ಹುಬ್ಬಿನ ಕೂದಲು ಕೀಳಲು ಮಾರುವ ಅಗಲ ತುದಿಯ ಚಿಮುಟ ಬೆರಳಿಗಿಂತ ಹೆಚ್ಚೇನೂ ವಾಸಿಯಲ್ಲ, ಅದೂ ಹೊಟ್ಟೆಯನ್ನೇ ಹಿಸುಕುತ್ತದೆ. ಮೊಬೈಲ್ ರಿಪೇರಿ ಮಾಡುವವರು ಬಳಸುವ ಸಣ್ಣ, ತುದಿ ಬಾಗಿದ ಚಿಮುಟವನ್ನು ನೋಡಿದ್ದೀರಾ? ಅದು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಕೂದಲನ್ನು ಎಡಗೈಯಿಂದ ಎರಡೂ ಕಡೆ ಬಿಡಿಸಿ, ಬಾಗಿದ ತುದಿಯನ್ನು ಚರ್ಮಕ್ಕೆ ತಾಗಿಸಿ, ಉಣ್ಣಿಯ ಹೊಟ್ಟೆಯ ಕೆಳಗೆ, ತಲೆ ಚರ್ಮ ಸೇರುವ ಜಾಗದಲ್ಲಿ ಹಿಡಿಯಬೇಕು. ತುದಿ ತುಂಬಾ ಹರಿತವಾಗಿದ್ದರೆ ಉಣ್ಣಿಯನ್ನೇ ಕತ್ತರಿಸಿಬಿಡುತ್ತದೆ, ಆದ್ದರಿಂದ ಜೋರಾಗಿ ಅದುಮಬಾರದು, ಜಾರದಷ್ಟು ಹಿಡಿತವಿದ್ದರೆ ಸಾಕು. ಆಮೇಲೆ ನೇರ ಮೇಲಕ್ಕೆ, ಒಂದೇ ಸಮನೆ ಎಳೆಯಿರಿ. ಚರ್ಮ ಸಣ್ಣ ಗುಡಾರದ ಹಾಗೆ ಮೇಲೆದ್ದು ನಿಲ್ಲುತ್ತದೆ. ಅಲ್ಲೇ ಎರಡು ಮೂರು ಕ್ಷಣ ತಡೆಯಿರಿ. ಉಣ್ಣಿ ತಾನಾಗಿ ಹಿಡಿತ ಬಿಟ್ಟಂತೆ ಕಳಚಿ ಬರುತ್ತದೆ, ಕಾಲು ಆಡಿಸುತ್ತಲೇ ಇರುತ್ತದೆ. ಚಿಮುಟದಲ್ಲಿ ತಿರುಚಬಾರದು.

ತಿರುಚುವುದಿದ್ದರೆ ಅದಕ್ಕೆ ಕೊಕ್ಕೆ ಬೇರೆಯೇ ಇದೆ. ಎರಡು ಹಲ್ಲಿನ ಪುಟ್ಟ ಪ್ಲಾಸ್ಟಿಕ್ ಸಾಧನ, ನೋಡಲು ಮೊಳೆ ಕೀಳುವ ಕಬ್ಬಿಣದ ಮರಿಯಂತಿರುತ್ತದೆ. ಊರಿನ ಅಂಗಡಿಗಳಲ್ಲಿ ಅಪರೂಪ, ಆನ್‌ಲೈನ್‌ನಲ್ಲಿ ತರಿಸಬೇಕು. ಸಂದಿಯೊಳಗೆ ಉಣ್ಣಿಯನ್ನು ಪಕ್ಕದಿಂದ ಸರಿಸಿ, ನಿಧಾನಕ್ಕೆ ಎರಡು ಮೂರು ಸುತ್ತು ತಿರುಗಿಸಿದರೆ ಬಿಡಿಸಿಕೊಂಡು ಬರುತ್ತದೆ. ಹೊಟ್ಟೆಯ ಮೇಲೆ ಒತ್ತಡವೇ ಬೀಳುವುದಿಲ್ಲ, ಅದೇ ಇದರ ದೊಡ್ಡ ಗುಣ. ಕೈ ನಡುಗುವ ಹಿರಿಯರಿಗೆ, ಕಣ್ಣು ಮಂದವಾದವರಿಗೆ, ಉದ್ದ ಕೂದಲಿನ ಪಾಮೇರಿಯನ್ ಸಾಕಿದವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಎಳ್ಳಿನಷ್ಟಿರುವ ಎಳೆಯ ಉಣ್ಣಿಗಳು ದೊಡ್ಡ ಕೊಕ್ಕೆಯ ಸಂದಿಯಿಂದ ಜಾರಿಹೋಗುತ್ತವೆ, ಸಣ್ಣದನ್ನೂ ದೊಡ್ಡದನ್ನೂ ಜೊತೆಯಾಗಿ ಕೊಳ್ಳಬೇಕು. ಮುಧೋಳ ನಾಯಿಯಂಥ ಗಿಡ್ಡ ಕೂದಲಿನ ನಾಯಿಗೆ ಚಿಮುಟವೇ ಸಾಕು, ಕೊಕ್ಕೆಗೆ ದುಡ್ಡು ಹಾಕುವ ಅಗತ್ಯವಿಲ್ಲ.

ಹುಡುಕಬೇಕಾದ ಜಾಗಗಳು ಕಿವಿಯ ಒಳಭಾಗ ಮತ್ತು ಅಂಚು, ಕಾಲ್ಬೆರಳುಗಳ ನಡುವೆ, ಕೊರಳಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದಿ, ಬಾಲದ ಬುಡ. ಕೀಳುವ ಮೊದಲು ಮೊಬೈಲಿನ ಬೆಳಕು ಬಿಟ್ಟು ಕಾಲುಗಳಿವೆಯೇ ನೋಡಿ. ಹೊಟ್ಟೆಯ ಮೇಲಿನ ಮೊಲೆತೊಟ್ಟನ್ನೋ ನರುಳ್ಳೆಯನ್ನೋ ಉಣ್ಣಿಯೆಂದು ಎಳೆದು ನಾಯಿಯನ್ನು ಕಿರುಚಿಸುವವರು ಕಡಿಮೆಯೇನಿಲ್ಲ. ಗಂಡು ನಾಯಿಗೂ ಮೊಲೆತೊಟ್ಟುಗಳಿರುತ್ತವೆ ಎಂಬುದು ಹಲವರಿಗೆ ಹೊಳೆಯುವುದೇ ಇಲ್ಲ. ಊದಿದ ಬೂದು ಬಣ್ಣದ ಹೆಣ್ಣಿನ ಪಕ್ಕದಲ್ಲೇ ಚಪ್ಪಟೆಯಾದ ಸಣ್ಣ ಕಂದು ಗಂಡು ಅಂಟಿಕೊಂಡಿರುವುದೂ ಉಂಟು, ಅದನ್ನು ಬಿಟ್ಟುಬಿಡಬೇಡಿ.

ಇಬ್ಬರಿದ್ದರೆ ಕೆಲಸ ಹಗುರ, ಒಬ್ಬರು ತಲೆ ಹಿಡಿದು ಮಾತನಾಡಿಸುತ್ತಿರಲಿ. ಕಚ್ಚುವ ಸ್ವಭಾವದ ನಾಯಿಯ ಬಾಯಿಗೆ ಬಟ್ಟೆ ಕಟ್ಟುವುದಿದ್ದರೆ ನಮ್ಮ ಬೇಸಿಗೆಯನ್ನು ನೆನಪಿಡಿ. ನಾಯಿ ಮೈ ತಂಪಾಗಿಸಿಕೊಳ್ಳುವುದು ಬಾಯಿ ತೆರೆದು ಏದುಸಿರು ಬಿಟ್ಟು. ನಲವತ್ತು ಡಿಗ್ರಿಯ ಮಧ್ಯಾಹ್ನ ಬಾಯಿ ಬಿಗಿದು ಅರ್ಧ ತಾಸು ಕೂರಿಸಿದರೆ ಉಣ್ಣಿಗಿಂತ ದೊಡ್ಡ ಅಪಾಯವನ್ನು ನೀವೇ ತಂದಂತೆ. ಬೆಳಗಿನ ಹೊತ್ತು, ನೆರಳಲ್ಲಿ, ಸ್ವಲ್ಪ ಸ್ವಲ್ಪವಾಗಿ ಮಾಡಿ.

ಕಿತ್ತ ಉಣ್ಣಿಯನ್ನು ನೆಲಕ್ಕೆ ಎಸೆಯಬಾರದು, ಬಚ್ಚಲಿಗೆ ಬಿಡಬಾರದು. ನೀರಿನಲ್ಲಿ ಅದು ಸಾಯುವುದಿಲ್ಲ. ಬಿದ್ದದ್ದನ್ನು ನಾಯಿ ನೆಕ್ಕಿ ನುಂಗಿದರೆ ಇನ್ನೊಂದು ತೊಂದರೆ, ಹೆಪಟೋಜೂನ್ ಎಂಬ ರೋಗಾಣು ಹರಡುವುದೇ ಉಣ್ಣಿ ನುಂಗುವುದರಿಂದ. ಹಳೆಯ ಔಷಧಿ ಬಾಟಲಿಯಲ್ಲಿ ಸ್ವಲ್ಪ ಸರ್ಜಿಕಲ್ ಸ್ಪಿರಿಟ್ ಹಾಕಿ ಪಕ್ಕದಲ್ಲಿಟ್ಟುಕೊಂಡು ಅದರೊಳಗೆ ಹಾಕಿ ಮುಚ್ಚಿ. ಸ್ಪಿರಿಟ್ ಇಲ್ಲವೆಂದರೆ ಅಂಟುಪಟ್ಟಿಯ ಮೇಲೆ ಅಂಟಿಸಿ ಮಡಚಿ ಕಸಕ್ಕೆ ಹಾಕಿ. ಗಾಯಕ್ಕೆ ಪೊವಿಡೋನ್ ಅಯೋಡಿನ್ ಒರೆಸಿ ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ. ಬಾಯಿಯ ಚೂರು ಒಳಗೇ ಉಳಿದರೆ ಸೂಜಿ ಹಾಕಿ ಕೆದಕಬೇಡಿ, ಸಣ್ಣ ಗಂಟಾಗಿ ಕೆಲವು ದಿನಗಳಲ್ಲಿ ಅದೇ ಹೊರಬೀಳುತ್ತದೆ. ಕೆದಕಿದರೆ ಮಾತ್ರ ಕೀವಾಗುತ್ತದೆ.

ಸೀಮೆಎಣ್ಣೆ, ಕೆಂಡ, ಎಣ್ಣೆ

"ಹಚ್ಚಿ ನೋಡಿ ಅಕ್ಕಾ, ಉಸಿರುಗಟ್ಟಿ ತಾನೇ ಉದುರುತ್ತದೆ" ಎಂಬ ಮಾತಿನಲ್ಲಿ ತರ್ಕವಿದೆ, ಆದರೆ ಉಣ್ಣಿಗೆ ಆ ತರ್ಕ ಹೊಂದುವುದಿಲ್ಲ. ಅದು ಉಸಿರಾಡುವುದು ಬಹಳ ನಿಧಾನ, ತಾಸಿಗೆ ಕೆಲವೇ ಸಲ. ವ್ಯಾಸಲೀನ್ ಬಳಿದರೂ ಕೊಬ್ಬರಿ ಎಣ್ಣೆ ಸುರಿದರೂ ಅದು ಗಂಟೆಗಟ್ಟಲೆ ಹಾಯಾಗಿ ಕಚ್ಚಿಕೊಂಡೇ ಇರುತ್ತದೆ. ಅಷ್ಟು ಹೊತ್ತೂ ರೋಗಾಣು ನಾಯಿಯ ಮೈಗೆ ಇಳಿಯುತ್ತಲೇ ಇರುತ್ತದೆ. ಕೆಣಕಿದ ಉಣ್ಣಿ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೆ ಕಾರುವ ಸಂಭವವೂ ಇದೆ. ಸೀಮೆಎಣ್ಣೆ ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಶ್ವಾಸಕೋಶಕ್ಕೂ ವಿಷ. ಕೆಂಡದ ವಿಷಯ ಹೇಳುವುದೇ ಬೇಡ. ಕೂದಲಿರುವ ಪ್ರಾಣಿಗೆ ಬೆಂಕಿ ಹಿಡಿಯಲು ಹೋಗುವವರಿಗೆ ಹೆದರಿ ಓಡುವ ನಾಯಿಯೇ ಬುದ್ಧಿ ಕಲಿಸುತ್ತದೆ.

ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ತಿಕ್ಕುವುದು ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ವಾಸನೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಅದು ಔಷಧಿಯಲ್ಲ. ಕರ್ಪೂರ ಚರ್ಮದ ಮೂಲಕವೂ ನೆಕ್ಕುವುದರಿಂದಲೂ ಒಳಸೇರಿ ನಾಯಿಗೆ ಫಿಟ್ಸ್ ತರಬಲ್ಲದು. ಬೇವಿನ ಎಣ್ಣೆ ಇವೆಲ್ಲಕ್ಕಿಂತ ನಿರಪಾಯ. ಹೊಸ ಉಣ್ಣಿ ಹತ್ತುವುದನ್ನು ಸ್ವಲ್ಪ ತಡೆಯಬಹುದು, ಕಚ್ಚಿ ಕೂತದ್ದನ್ನು ಬಿಡಿಸಲಾರದು. ಫಿನೈಲ್ ಬೆರೆಸಿದ ನೀರಿನಲ್ಲಿ ಸ್ನಾನ ಮಾಡಿಸುವುದು ನೇರ ವಿಷಪ್ರಯೋಗ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಬೆಳೆಗೆ ಹೊಡೆಯುವ ಔಷಧಿ. ರಾಯಚೂರು ಹತ್ತಿಯ ಸೀಮೆ, ಸಿಂಧನೂರು ಭತ್ತದ ಸೀಮೆ. ಮನೆಯ ಮೂಲೆಯಲ್ಲಿ ಯಾವುದಾದರೂ ಕೀಟನಾಶಕದ ಅರ್ಧ ಡಬ್ಬಿ ಇದ್ದೇ ಇರುತ್ತದೆ. ಮೊನೊಕ್ರೊಟೊಫಾಸ್‌ನಂಥವು ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತವೆ. ಜೊಲ್ಲು ಸುರಿಯುವುದು, ಕೈಕಾಲು ನಡುಗುವುದು, ವಾಂತಿ, ಉಸಿರಾಟದ ಕಷ್ಟ ಕೆಲವೇ ಹೊತ್ತಿನಲ್ಲಿ ಶುರುವಾಗುತ್ತವೆ. ಹಾಗಾದರೆ ಕೂಡಲೇ ಕೈಗವಸು ಹಾಕಿಕೊಂಡು ಸೋಪಿನ ನೀರಿನಲ್ಲಿ ತೊಳೆದು, ಡಬ್ಬಿಯನ್ನು ಜೊತೆಗೆ ಹಿಡಿದುಕೊಂಡೇ ಪಶು ಆಸ್ಪತ್ರೆಗೆ ಓಡಬೇಕು. ಡಬ್ಬಿಯ ಮೇಲಿನ ಹೆಸರು ನೋಡಿದರೆ ವೈದ್ಯರಿಗೆ ಯಾವ ಪ್ರತಿವಿಷ ಎಂಬುದು ತಿಳಿಯುತ್ತದೆ.

ಔಷಧಿಗಳಲ್ಲಿ ಯಾವುದು?

ದನಕರು ಇರುವ ಮನೆಗಳಲ್ಲಿ ಮೊದಲು ಕೈಗೆ ಬರುವುದು ಅಮಿಟ್ರಾಜ್ ದ್ರಾವಣ. ಅಗ್ಗ, ಪರಿಣಾಮಕಾರಿ, ಪಶು ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ನಾಯಿಗೆ ಎಷ್ಟು ನೀರಿಗೆ ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿಕೊಂಡೇ ಬಳಸಬೇಕು. ದನಕ್ಕೆ ಕಲಸಿದ ಬಕೆಟ್ಟಿನಲ್ಲಿ ಉಳಿದದ್ದನ್ನು ನಾಯಿಗೆ ಸುರಿಯುವುದು ಸಲ್ಲದು. ಹಚ್ಚಿದ ಮೇಲೆ ನಾಯಿ ಮಂಕಾಗಿ ಮಲಗುವುದುಂಟು, ಮೈಯ ಉಷ್ಣತೆಯ ಹತೋಟಿಯೂ ತಪ್ಪಬಹುದು, ಆದ್ದರಿಂದ ಬಿಸಿಲಿಗೆ ಕಟ್ಟಬಾರದು. ಚಿಕ್ಕ ಮರಿಗೆ, ಬಸುರಿ ನಾಯಿಗೆ, ಸಕ್ಕರೆ ಕಾಯಿಲೆಯ ನಾಯಿಗೆ ಬೇಡ. ಬೆಕ್ಕಿಗೆ ಎಂದೂ ಬೇಡ.

ಕತ್ತಿನ ಹಿಂದೆ ಕೂದಲು ಬಿಡಿಸಿ ಹಾಕುವ ಫಿಪ್ರೊನಿಲ್ ಹನಿ ಔಷಧಿ ಮಧ್ಯಮ ದಾರಿ. ತಿಂಗಳಿಗೊಮ್ಮೆ ಹಾಕಬೇಕು. ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಸ್ನಾನ ಮಾಡಿಸಬಾರದು. ಇಲ್ಲಿ ಜನ ಸೋಲುವುದು ಇದರಲ್ಲೇ, ಸೆಕೆಗೆ ನಾಯಿಗೆ ದಿನವೂ ನೀರು ಹಾಕುತ್ತಾರೆ, ಆಮೇಲೆ ಔಷಧಿ ಹಿಡಿಯಲಿಲ್ಲ ಎನ್ನುತ್ತಾರೆ. ಕಾಲುವೆಗೆ ಇಳಿದು ಈಜುವ ನಾಯಿಗೂ ಇದು ಹೊಂದುವುದಿಲ್ಲ.

ಅಂಥ ನಾಯಿಗಳಿಗೆ ಬಾಯಿಗೆ ಕೊಡುವ ಮಾತ್ರೆಯೇ ಸರಿ. ಅಫೊಕ್ಸೊಲನರ್, ಸರೊಲನರ್ ತಿಂಗಳಿಗೊಂದು, ಫ್ಲೂರಲನರ್ ಸುಮಾರು ಮೂರು ತಿಂಗಳಿಗೊಂದು. ಸ್ನಾನದ ಚಿಂತೆಯಿಲ್ಲ, ಮನೆಯ ಮಕ್ಕಳ ಕೈಗೆ ಔಷಧಿ ಅಂಟುವ ಭಯವಿಲ್ಲ. ಬೆಲೆ ಮಾತ್ರ ಹೆಚ್ಚು, ತೂಕ ಏರಿದಂತೆ ಬೆಲೆಯೂ ಏರುತ್ತದೆ. ದೊಡ್ಡ ನಾಯಿಯ ಮಾತ್ರೆ ತಂದು ಎರಡು ಮರಿಗಳಿಗೆ ಮುರಿದು ಹಂಚುವ ಜಾಣತನ ಬೇಡ, ಔಷಧಿ ಎರಡು ತುಂಡಿನಲ್ಲೂ ಸಮನಾಗಿ ಇರುತ್ತದೆಂಬ ಖಾತ್ರಿಯಿಲ್ಲ. ಫಿಟ್ಸ್ ಬಂದ ನಾಯಿಯಾದರೆ ವೈದ್ಯರಿಗೆ ಮೊದಲೇ ತಿಳಿಸಿ. ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ಇನ್ನೊಂದು ಮಾತು: ಮಾತ್ರೆ ಕೆಲಸ ಮಾಡುವುದು ಉಣ್ಣಿ ಕಚ್ಚಿ ರಕ್ತ ಕುಡಿದ ಮೇಲೆ. ಮಾತ್ರೆ ಕೊಟ್ಟ ವಾರವೂ ಮೈಮೇಲೆ ಒಂದೆರಡು ಉಣ್ಣಿ ಕಂಡರೆ ದುಡ್ಡು ಹಾಳಾಯಿತೆಂದು ಗೋಳಾಡಬೇಕಿಲ್ಲ. ಚಿಮುಟದಿಂದ ಮುಟ್ಟಿ ನೋಡಿ, ಬಹುತೇಕ ಒಣಗಿ ಸತ್ತಿರುತ್ತವೆ.

ಫ್ಲುಮೆಥ್ರಿನ್ ಅಥವಾ ಡೆಲ್ಟಾಮೆಥ್ರಿನ್ ಇರುವ ಕೊರಳಪಟ್ಟಿ ಹಲವು ತಿಂಗಳು ಬರುತ್ತದೆ. ಸದಾ ಹೊರಗೆ ಓಡಾಡುವ ಕಾವಲು ನಾಯಿಗೆ, ಕುರಿಹಿಂಡಿನ ಜೊತೆಗೆ ತಿರುಗುವ ನಾಯಿಗೆ ಅನುಕೂಲ. ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಗಿಡಮೂಲಿಕೆಯದೆಂದು ಅಗ್ಗಕ್ಕೆ ಮಾರುವ ಪಟ್ಟಿಗಳಿಗೆ ನನ್ನ ದುಡ್ಡು ಕೊಡುವುದಿಲ್ಲ. ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಯಾರದೋ ಮಾತು ಕೇಳಿ ಮನೆಯಲ್ಲೇ ಚುಚ್ಚುವುದು ಬೇಡ, ಕೋಲಿಯಂಥ ಕೆಲವು ತಳಿಗಳಿಗೆ ಅದು ಪ್ರಾಣಾಂತಿಕ.

ಫರಸಿ ಕಲ್ಲಿನ ಸಂದಿ

ಈಗ ಗೋಡೆಗೆ ಬರೋಣ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಫರಸಿಯ ನಡುವಿನ ಸಿಮೆಂಟು ಉದುರಿದ ಕಡೆ ಬ್ಯಾಟರಿ ಬೆಳಕು ಬಿಟ್ಟು ನೋಡಿ. ಸಾಸಿವೆಗಿಂತ ಸಣ್ಣ ಕಂದು ಮೊಟ್ಟೆಗಳ ಗುಂಪು, ಪೊರೆ ಕಳಚಿದ ಸಿಪ್ಪೆ, ಅಲುಗಾಡದೆ ಕೂತ ಎಳೆಯ ಉಣ್ಣಿ ಎಲ್ಲವೂ ಅಲ್ಲೇ. ಕಲ್ಲುಗೋಡೆಯ ಸಂದು, ಬಾಗಿಲ ಚೌಕಟ್ಟಿನ ಹಿಂಭಾಗ, ನಾಯಿ ಮಲಗುವ ಗೋಣಿಚೀಲದ ಹೊಲಿಗೆ, ಕಟ್ಟೆಯ ಕೆಳಗಿನ ಬಿರುಕು ಕೂಡ ಹಾಗೆಯೇ.

ಇಲ್ಲಿ ಆಯ್ಕೆ ಎರಡು. ಮೊದಲನೆಯದು ಸಂದಿ ಮುಚ್ಚುವುದು: ನೆಲದ ಸಂದಿಗೆ ಸಿಮೆಂಟು ತುಂಬಿಸಿ, ಗೋಡೆಯ ಬಿರುಕನ್ನು ಗಾರೆ ಹಾಕಿ ಮುಚ್ಚಿ ಮೇಲೆ ಸುಣ್ಣ ಹೊಡೆಸುವುದು. ಒಂದು ದಿನದ ಗೌಂಡಿ ಕೆಲಸ, ವರ್ಷಗಟ್ಟಲೆ ಫಲ. ಎರಡನೆಯದು ಔಷಧಿ ಸಿಂಪಡಣೆ. ಮನೆಗೆಂದೇ ಮಾರುವ ಡೆಲ್ಟಾಮೆಥ್ರಿನ್‌ನಂಥದ್ದನ್ನು ಡಬ್ಬಿಯ ಮೇಲಿನ ಅಳತೆಯಲ್ಲಿ ಸಂದಿಗಳಿಗೆ ಹೊಡೆದು, ಪೂರ್ತಿ ಒಣಗುವವರೆಗೆ ನಾಯಿ, ಬೆಕ್ಕು, ಮಕ್ಕಳನ್ನು ದೂರವಿಡಬೇಕು. ಮೊಟ್ಟೆಗಳು ಒಂದೇ ಸಿಂಪಡಣೆಗೆ ಸಾಯುವುದಿಲ್ಲವಾದ್ದರಿಂದ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಹೊಡೆಯಬೇಕು. ಸ್ವಂತ ಮನೆಯವರಿಗೆ ಮೊದಲನೆಯದೇ ಲಾಭ. ಬಾಡಿಗೆ ಮನೆಯವರು ಎರಡನೆಯದಕ್ಕೆ ತೃಪ್ತಿಪಡಬೇಕು, ಮಾಲೀಕರಿಗೆ ಉಣ್ಣಿ ತೋರಿಸಿದರೆ ಮೊದಲು ಹೇಳುವುದು ನಾಯಿ ಬಿಟ್ಟುಬಿಡಿ ಎಂದೇ. ಗೋಣಿಚೀಲವನ್ನು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಸುಡಬಹುದು. ಅದರ ಬದಲು ಬಿಸಿನೀರಿನಲ್ಲಿ ವಾರಕ್ಕೊಮ್ಮೆ ಒಗೆಯಬಹುದಾದ ಹಳೆಯ ಹತ್ತಿ ಚಾದರ ಹಾಸಿ.

ಚಿಮುಟ ಬಿಟ್ಟು ವೈದ್ಯರ ಬಳಿ ಹೋಗುವುದು ಯಾವಾಗ

ಉಣ್ಣಿ ಹೋದರೂ ಅದು ಬಿಟ್ಟುಹೋದ ರೋಗ ಎರಡು ಮೂರು ವಾರದ ಬಳಿಕ ತಲೆ ಎತ್ತಬಹುದು. ಎರ್ಲಿಕಿಯಾ ಎಂಬ ರೋಗಾಣು ಉಣ್ಣಿ ಕಚ್ಚಿದ ಕೆಲವೇ ತಾಸುಗಳಲ್ಲಿ ದಾಟಬಲ್ಲದು. ಬಬೀಸಿಯಾ ಎಂಬ ಇನ್ನೊಂದು ರೋಗಾಣು ದಾಟಲು ಸಾಮಾನ್ಯವಾಗಿ ಒಂದೆರಡು ದಿನ ಹಿಡಿಯುತ್ತದೆ, ದಿನವೂ ಮೈ ತಡವಿ ನೋಡುವವರಿಗೆ ಸಿಗುವ ಲಾಭ ಅದೇ. ನಾಯಿ ಊಟ ಬಿಟ್ಟಿತು, ಮೈ ಬಿಸಿಯಾಯಿತು, ಒಸಡು ಬಿಳಿಚಿಕೊಂಡಿತು, ಮೂಗಿನಲ್ಲಿ ರಕ್ತ ಬಂತು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು ಎಂದರೆ ಅಂದೇ ರಕ್ತ ಪರೀಕ್ಷೆ ಆಗಬೇಕು. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಎಂಬ ಔಷಧಿ ಸಾಮಾನ್ಯವಾಗಿ ನಾಲ್ಕು ವಾರ ನಡೆಯುತ್ತದೆ, ನಾಯಿ ಚುರುಕಾಯಿತೆಂದು ನಡುವೆ ನಿಲ್ಲಿಸಬಾರದು. ಮನೆಯಲ್ಲಿರುವ ಜ್ವರದ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ತಿಂಗಳೊಳಗಿನ ಮರಿಯ ಮೈತುಂಬ ಉಣ್ಣಿ ಇದ್ದರೆ ಕಾಯಿಲೆಯೇ ಬೇಕಿಲ್ಲ, ಅವು ರಕ್ತ ಹೀರುವುದರಿಂದಲೇ ಮರಿ ಸಾಯಬಹುದು, ಅದನ್ನು ಮನೆಯಲ್ಲಿಟ್ಟು ನೋಡುತ್ತ ಕೂರಬೇಡಿ.

ಉಣ್ಣಿ ಕಿತ್ತ ಕೈಯವರಿಗೆ ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಮೇಲೆ ಕೆಂಪು ಗುಳ್ಳೆ ಬಂದರೆ ಡೆಂಗಿ ಪರೀಕ್ಷೆಗೆ ಬರೆಯುವ ವೈದ್ಯರಿಗೆ ನಾಯಿಯ ಉಣ್ಣಿ ಮುಟ್ಟಿದ ಸಂಗತಿಯನ್ನೂ ಹೇಳಿ. ನೀವಾಗಿ ಹೇಳದಿದ್ದರೆ ಅವರು ಅದನ್ನು ಕೇಳುವುದು ಅಪರೂಪ.